ಕಿಟಕಿ ಕಡೆಯ ಹುಲಿ

ಹತ್ತೂವರೆಗೆ ಲಾಂಡ್ರಿಯಲ್ಲಿ ಚಹಾದ ಗಂಟೆ. ಅಲ್ಲಿಂದ ಹದಿನೈದು ನಿಮಿಷ ಯಂತ್ರಗಳು ಬಾಯಿ ಮುಚ್ಚುತ್ತವೆ, ಜನ ಬಾಯಿ ತೆರೆಯುತ್ತಾರೆ. ಆ ಹದಿನೈದು ನಿಮಿಷದಲ್ಲಿ ದೊಡ್ಡಕ್ಕ ಹಿಂದಿನ ಅಂಗಳಕ್ಕೆ ಹೋಗಿ ಹುಲಿಯಾಗುತ್ತಿದ್ದಳು.

ಹುಲಿ ಎಂದ ಕೂಡಲೇ ಏನೇನೋ ಊಹಿಸಿಕೊಳ್ಳಬೇಡಿ. ಐವತ್ತೇಳು ವರ್ಷ, ಐದಡಿಗೆ ಎರಡಂಗುಲ ಕಮ್ಮಿ, ನೀಲಿ ಏಪ್ರನ್ನು, ಹಿಮ್ಮಡಿ ಸವೆದ ರಬ್ಬರ್ ಚಪ್ಪಲಿ. ಕಾಲು ಅಗಲಿಸಿ ನಿಂತು, ಹತ್ತು ಬೆರಳನ್ನೂ ಪಂಜದ ಹಾಗೆ ಮಡಚಿ, ತುಂಬಿದ ಕೊಡ ಎತ್ತುವಷ್ಟು ನಿಧಾನವಾಗಿ ಎರಡೂ ಕೈ ಮೇಲೆತ್ತುವಳು. ಕೈ ಏರುವಾಗ ಉಸಿರು ಒಳಗೆ, ಇಳಿಯುವಾಗ ಹೊರಗೆ. ಹುಲಿ ಮುಗಿದರೆ ಜಿಂಕೆ, ಜಿಂಕೆ ಮುಗಿದರೆ ಕರಡಿ, ಆಮೇಲೆ ಮಂಗ, ಕೊನೆಗೆ ಕೊಕ್ಕರೆ. ಕೊಕ್ಕರೆಯಾದಾಗ ಒಂಟಿ ಕಾಲಲ್ಲಿ ನಿಂತು ಕೈಗಳನ್ನು ರೆಕ್ಕೆಯಂತೆ ಹಿಂದಕ್ಕೆ ಚಾಚಬೇಕು. ಅಷ್ಟು ಹೊತ್ತಿಗೆ ಚಹಾದ ಲೋಟ ಹಿಡಿದ ಇಪ್ಪತ್ತು ಜನ ಬಾಗಿಲಲ್ಲಿ ತುಂಬಿಕೊಂಡಿರುತ್ತಿದ್ದರು. ಎದುರು ಕಟ್ಟಡದ ಬಾಲ್ಕನಿಗಳಲ್ಲೂ ನಾಲ್ಕಾರು ತಲೆಗಳು ಹೊರಗೆ ಬಂದಿರುತ್ತಿದ್ದವು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಚಿಕ್ಕಕ್ಕ. ಅವಳು ದೊಡ್ಡಕ್ಕನ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ವಯಸ್ಸಿನಲ್ಲಿ ಐದು ವರ್ಷ ಚಿಕ್ಕವಳು, ಎತ್ತರದಲ್ಲಿ ಒಂದು ಗೇಣು ದೊಡ್ಡವಳು. "ಮಂಗನ ಪಾಳಿ ಬಂದಾಗ ಮಾತ್ರ ಅಕ್ಕ ಏನೂ ಕಷ್ಟ ಪಡಬೇಕಾಗಿಲ್ಲ ನೋಡಿ" ಎಂದು ಬಾಗಿಲಲ್ಲೇ ನಿಂತು ಹೇಳುವಳು. ಜನ ಚಹಾ ಚೆಲ್ಲಿಕೊಂಡು ನಗುವರು. ದೊಡ್ಡಕ್ಕ ತಿರುಗಿಯೂ ನೋಡುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವಳದು, ಹುಟ್ಟಿದಾಗಿನಿಂದ.

ಎರಡು ಜಡೆ ಒಂದು ಕಡೆ ಕೂಡುವುದಿಲ್ಲ ಎನ್ನುತ್ತಾರೆ. ಈ ಎರಡು ಜಡೆಗಳಿಗೆ ಬೇರೆ ದಾರಿಯೇ ಇರಲಿಲ್ಲ. ಅಣ್ಣ ತಮ್ಮ ಇಬ್ಬರೂ ಸೇರಿ ಬೀಗ ರಿಪೇರಿಯ ಒಂದೇ ಅಂಗಡಿ ಇಟ್ಟಿದ್ದರು. ಮನೆಯೂ ಒಂದೇ, ಮುಂದಿನ ಅರ್ಧ ದೊಡ್ಡಕ್ಕನದು, ಹಿಂದಿನ ಅರ್ಧ ಚಿಕ್ಕಕ್ಕನದು. ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗ ಮಾತ್ರ ಇಬ್ಬರದೂ. ಆ ಹಗ್ಗದ ಮೇಲೆ ಯಾರ ಟವೆಲ್ಲು ಮೊದಲು ಎಂಬ ವಿಷಯಕ್ಕೆ ಹನ್ನೊಂದು ವರ್ಷದ ಹಿಂದೆ ಹತ್ತಿದ ಜಗಳ ಇನ್ನೂ ಆರಿರಲಿಲ್ಲ. ದಿನಕ್ಕೆ ನಾನೂರು ಶೀಟು ಒಣಗಿಸಿ ಮಡಿಸುವವರು ಮನೆಗೆ ಬಂದು ಎರಡು ಟವೆಲ್ಲಿಗೆ ಮಾತು ಬಿಟ್ಟಿದ್ದರು. ಗಂಡಂದಿರು ಇದರಲ್ಲಿ ಬಾಯಿ ಹಾಕದಷ್ಟು ಬುದ್ಧಿವಂತರು.

ಆದರೆ ಲಾಂಡ್ರಿಯಲ್ಲಿ ಮಾತಿಲ್ಲದೆ ನಡೆಯುವುದಿಲ್ಲ. ಆಸ್ಪತ್ರೆ, ಹೋಟೆಲುಗಳ ಶೀಟುಗಳು ತೊಳೆಯುವ ಯಂತ್ರದಿಂದ ಹಗ್ಗದಂತೆ ಹೊಸೆದುಕೊಂಡು ಹೊರಬರುತ್ತವೆ. ಒಬ್ಬಳು ಆ ತುದಿ, ಒಬ್ಬಳು ಈ ತುದಿ ಹಿಡಿದು ಎದುರುಬದುರು ನಿಂತು ಜಾಡಿಸಬೇಕು. ಬಿಸಿ ರೋಲರಿನ ಮುಂದೆ ತಲೆಗಿಂತ ಎತ್ತರದಲ್ಲಿ ಒಂದು ಕಬ್ಬಿಣದ ಸರಳಿದೆ. ಇಬ್ಬರೂ ಸರಳಿನ ಕಡೆಯ ಕೈಯನ್ನು ಒಟ್ಟಿಗೆ ಎತ್ತಿ ಶೀಟಿನ ಅಂಚನ್ನು ಅದರ ಮೇಲೆ ಎಸೆಯಬೇಕು. ಒಂದು ಕೈ ತಡವಾದರೂ ಅಂಚು ಸೊಟ್ಟಗಾಗುತ್ತದೆ, ರೋಲರ್ ಅದನ್ನು ಸುಕ್ಕುಸುಕ್ಕಾಗಿ ನುಂಗುತ್ತದೆ. ಹಾಗಾಗಿ ಅಲ್ಲಿ ಜನರನ್ನು ಒಬ್ಬೊಬ್ಬರಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೋಡಿ ಅಂದರೆ ಜೋಡಿ. ನಿಂತರೆ ಇಬ್ಬರೂ ನಿಲ್ಲಬೇಕು, ಹೋದರೆ ಇಬ್ಬರೂ ಹೋಗಬೇಕು.

ಇನ್ನೊಂದು ಕಟ್ಟಳೆಯೂ ಇತ್ತು. ಸರಳಿನ ಒಂದು ತುದಿ ಕಿಟಕಿಯ ಬಳಿ, ಇನ್ನೊಂದು ತುದಿ ಗೋಡೆಯ ಬಳಿ. ಗೋಡೆಯೊಳಗೆ ಬಾಯ್ಲರಿನ ಪೈಪು. ಕಿಟಕಿ ಕಡೆ ನಿಂತವರಿಗೆ ಗಾಳಿ, ಗೋಡೆ ಕಡೆ ನಿಂತವರಿಗೆ ಬೆವರು. ಹಿರಿಯಳಿಗೆ ಕಿಟಕಿ ಕಡೆ, ಕಿರಿಯಳಿಗೆ ಗೋಡೆ ಕಡೆ, ಒಮ್ಮೆ ನಿಂತ ಕಡೆ ಕೊನೆತನಕ ನಿಮ್ಮದು. ದೊಡ್ಡಕ್ಕ ಒಂಬತ್ತು ವರ್ಷ ಗೋಡೆ ಕಡೆ ಬೆಂದು, ಆಗಿನ ಜೊತೆಗಾತಿ ನಿವೃತ್ತಳಾದ ಮೇಲೆ ಕಿಟಕಿಗೆ ಬಂದವಳು. ಅಲ್ಲಿ ಇಪ್ಪತ್ತೆರಡು ವರ್ಷ ನಿಂತಿದ್ದಳು, ಎದುರು ಗೋಡೆ ಕಡೆ ಚಿಕ್ಕಕ್ಕ. ಆ ಕಿಟಕಿಯನ್ನು ಅವಳಿಂದ ಕೇಳುವುದೂ ಒಂದೇ, ಅವಳ ಕಣ್ಣು ಕೇಳುವುದೂ ಒಂದೇ.

ಒಂದೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳ ಎಡಗೈ ಏಳಲಿಲ್ಲ. ಹಿಂದಿನ ದಿನವೇನೂ ಬಿದ್ದಿರಲಿಲ್ಲ, ಎದ್ದಿರಲಿಲ್ಲ. ತಲೆ ಬಾಚಲು ಹೋದರೆ ಕೈ ಗಲ್ಲದ ಹತ್ತಿರ ನಿಂತುಬಿಟ್ಟಿತು, ಮುಂದಕ್ಕೆ ತಳ್ಳಿದರೆ ಪ್ರಾಣ ಹೋಗುವ ನೋವು. ಡಾಕ್ಟರು ಒತ್ತಿ ನೋಡಿ, ಭುಜ ಬಿಗಿದುಕೊಂಡಿದೆ, ತಾನಾಗಿ ಸಡಿಲವಾಗಲು ಒಂದೆರಡು ವರ್ಷ ಬೇಕು, ಹಾಗಂತ ಪೂರ್ತಿ ನಿಲ್ಲಿಸಬೇಡಿ, ನಿಧಾನವಾಗಿ ಆಡಿಸಿ ಎಂದರು. ನಿಧಾನ ಎಂಬುದನ್ನು ದೊಡ್ಡಕ್ಕ ಜನ್ಮದಲ್ಲಿ ಮಾಡಿದವಳಲ್ಲ. ಉಣ್ಣುವುದೂ ಓಡುತ್ತಲೇ, ಜಗಳವಾಡುವುದೂ ಓಡುತ್ತಲೇ.

ಕೆಲಸಕ್ಕೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಎಡಗೈ ಗಲ್ಲದವರೆಗೆ ಎತ್ತಿ ಮಣಿಕಟ್ಟನ್ನು ಜಾಡಿಸಿದರೆ ಸಾಕು, ಅಂಚು ತಾನಾಗಿ ಸರಳಿನ ಮೇಲೆ ಹೋಗಿ ಕೂರುತ್ತಿತ್ತು. ಮೂವತ್ತೊಂದು ವರ್ಷದ ಕೈಚಳಕ ಎಂದು ಅವಳು ಒಳಗೊಳಗೇ ಬೀಗಿದಳು. ಆ ದಿನಗಳಲ್ಲೇ ಒಮ್ಮೆ ಚಿಕ್ಕಕ್ಕ, "ಅಕ್ಕ, ನೀನು ಗೋಡೆ ಕಡೆ ಬಾ, ನಾನು ಕಿಟಕಿ ಕಡೆ ನಿಲ್ತೀನಿ" ಎಂದಿದ್ದಳು. ದೊಡ್ಡಕ್ಕನ ರಕ್ತ ಕುದಿಯಿತು. ಹಗ್ಗ ಸಾಲದೆಂದು ಈಗ ಕಿಟಕಿಯೂ ಬೇಕೇನೇ, ನಾನಿನ್ನೂ ಸತ್ತಿಲ್ಲ ಎಂದು ಇಡೀ ಕೆಲಸದ ಹಾಲಿಗೆ ಕೇಳುವಂತೆ ಅಂದಳು. ಚಿಕ್ಕಕ್ಕ ಮತ್ತೆ ಆ ಮಾತೆತ್ತಲಿಲ್ಲ.

ಹುಲಿಯನ್ನು ಅವಳಿಗೆ ತಂದುಕೊಟ್ಟವನು ಬಾಯ್ಲರಣ್ಣ. ಅರವತ್ತು ದಾಟಿದ ಮನುಷ್ಯ, ಮೂವತ್ತು ವರ್ಷ ಹಡಗುಗಳ ಎಂಜಿನ್ ಕೋಣೆಯಲ್ಲಿ ಬೆಂದು ಬಂದು, ಬೆಂಕಿಯ ರುಚಿ ಬಿಡಲಾರದೆ ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಹಡಗಿನಲ್ಲಿ ಅವನ ಜೊತೆ ಎಣ್ಣೆ ಹಾಕುವ ಕೆಲಸಕ್ಕಿದ್ದ ಚೀನಾದವನೊಬ್ಬ ದಿನಾ ಡೆಕ್ಕಿನ ಮೇಲೆ ಐದು ಪ್ರಾಣಿಗಳ ಆಟ ಆಡುತ್ತಿದ್ದನಂತೆ. ಚೀಗಾಂಗ್ ಎಂದು ಅದರ ಹೆಸರು, ಅವರ ಕಡೆ ಬಹಳ ಹಳೆಯದು, ಉಸಿರಿನ ಜೊತೆ ಮೈಯನ್ನು ನಡೆಸುವುದು ಎಂದು ಬಾಯ್ಲರಣ್ಣ ವಿವರಿಸಿದ. ದೊಡ್ಡಕ್ಕನಿಗೆ ವಿವರ ಬೇಕಿರಲಿಲ್ಲ. ಅರವತ್ತು ದಾಟಿದವನು ಬಾಯ್ಲರಿನ ಮುಂದೆ ಒಂಟಿ ಕಾಲಲ್ಲಿ ನಿಂತು ಆಕಳಿಸುವುದನ್ನು ಅವಳು ಕಣ್ಣಾರೆ ನೋಡಿದ್ದಳು. ಕಲಿಸಿ ಅಣ್ಣಾ ಎಂದಳು. ಅವನು ಕಲ್ಲಿದ್ದಲ ರಾಶಿಯ ಪಕ್ಕ ಎದುರು ನಿಂತು ತೋರಿಸಿದ, ಅವಳು ಎದುರು ನಿಂತು ಮಾಡಿದಳು.

ಮೊದಲ ತಿಂಗಳು ಅವಳ ಹುಲಿಗೆ ಒಂದೇ ಪಂಜ. ಎಡಗೈ ಎದೆಯ ಹತ್ತಿರ ನಿಂತು ನಡುಗುತ್ತಿತ್ತು. ಜಿಂಕೆಗೆ ಸೊಂಟ ತಿರುಗಿಸಿ ಹಿಂದಿನ ಹಿಮ್ಮಡಿ ನೋಡಬೇಕು, ಅವಳಿಗೆ ಪಕ್ಕದ ಗೋಡೆಯಷ್ಟೇ ಕಾಣುತ್ತಿತ್ತು. ಕರಡಿ ಒಂದು ಸಲೀಸು. ಹೊಟ್ಟೆಯ ಮೇಲೆ ಕೈಯಿಟ್ಟು ಮೈಯನ್ನು ರುಬ್ಬುವ ಹಾಗೆ ಸುತ್ತಿಸುವುದು, ಅಷ್ಟೇ. ಆ ಕರಡಿಯಲ್ಲಿ ಒಂದು ದಿನ ಅವಳಿಗೆ ವಿಚಿತ್ರವೊಂದು ಆಯಿತು. ಮೈ ಸುತ್ತುತ್ತಿದೆ, ಉಸಿರು ಬರುತ್ತಿದೆ, ಹೋಗುತ್ತಿದೆ, ತಲೆಯಲ್ಲಿ ಮಾತ್ರ ಏನೂ ಇಲ್ಲ. ಶೀಟಿಲ್ಲ, ಅಡುಗೆಯಿಲ್ಲ, ಓರಗಿತ್ತಿಯೂ ಇಲ್ಲ. ಕಣ್ಣು ತೆರೆದಾಗ ಅವಳಿಗೆ ಅಳು ಬಂತು. ಐವತ್ತಾರು ವರ್ಷದಲ್ಲಿ ಒಂದು ಸಲವೂ ತಾನು ಸುಮ್ಮನೆ ಇದ್ದದ್ದಿಲ್ಲವಲ್ಲ ಎಂದು ಅವಳಿಗೆ ಸಿಟ್ಟೂ ಬಂತು. ಅವತ್ತೇ ಅವಳು ಕಲ್ಲಿದ್ದಲ ಮರೆಯಿಂದ ಹೊರಟು ಬೆಳಕಿರುವ ಅಂಗಳಕ್ಕೆ ಬಂದಳು. ಕಳ್ಳತನ ಮಾಡುತ್ತಿಲ್ಲ, ಯಾಕೆ ಅಡಗಲಿ ಎಂಬುದು ಅವಳ ವಾದ.

ವರ್ಷ ತುಂಬುವ ಹೊತ್ತಿಗೆ ಎಡಗೈ ಕಿವಿ ದಾಟಿತು, ಆಮೇಲೆ ನೆತ್ತಿ ದಾಟಿತು. ಬಿಗಿತ ಪ್ರಾಣಿಗಳಿಂದ ಹೋಯಿತೋ, ಕಾಲ ಕಳೆದು ಹೋಯಿತೋ, ಡಾಕ್ಟರಿಗೂ ಹೇಳಲಾಗಲಿಲ್ಲ. ದೊಡ್ಡಕ್ಕ ಮಾತ್ರ ಅನುಮಾನಕ್ಕೆ ಜಾಗ ಕೊಡಲಿಲ್ಲ.

ಅಷ್ಟರಲ್ಲಿ ಹೊಸ ಸೂಪರ್‌ವೈಸರ್ ಬಂದ. ಯಾವಾಗಲೂ ಕೈಯಲ್ಲಿ ಸ್ಟಾಪ್‌ವಾಚು ಹಿಡಿದಿರುತ್ತಿದ್ದುದರಿಂದ ಎರಡೇ ದಿನಕ್ಕೆ ಗಡಿಯಾರ ಸಾಹೇಬ ಎಂದು ಹೆಸರು ಬಿತ್ತು. ಕೆಟ್ಟವನಲ್ಲ, ನಗು ಬಾರದವನು, ಅಷ್ಟೇ. ಎದುರು ಬಾಲ್ಕನಿಯವರು ಯಾರೋ ಕೊಕ್ಕರೆಯನ್ನು ಮೊಬೈಲಿನಲ್ಲಿ ಹಿಡಿದು ನಾಲ್ಕು ಜನಕ್ಕೆ ಕಳಿಸಿ, ಅದು ಒಂದು ಹೋಟೆಲಿನ ಮ್ಯಾನೇಜರಿನ ತನಕ ಹೋಯಿತು. ನಿಮ್ಮಲ್ಲಿ ಶೀಟು ತೊಳೆಯುತ್ತೀರೋ ಸರ್ಕಸ್ ನಡೆಸುತ್ತೀರೋ ಎಂದು ಅವನು ಕೇಳಿದನಂತೆ. ಮಾರನೆಯ ದಿನ ಗಡಿಯಾರ ಸಾಹೇಬ ಅಂಗಳಕ್ಕೇ ಬಂದ. ದೊಡ್ಡಕ್ಕ ಆಗ ಕೊಕ್ಕರೆಯೇ ಆಗಿದ್ದಳು.

"ಏನಮ್ಮಾ ಇದು, ಕೆಲಸದ ಜಾಗದಲ್ಲಿ ಒಂದು ಕಾಲು ಎತ್ಕೊಂಡು?"

"ಚಹಾದ ಹೊತ್ತಲ್ವಾ ಸಾರ್. ಆ ಕಾಲಿಗೂ ಸ್ವಲ್ಪ ವಿರಾಮ."

ಬಾಗಿಲಲ್ಲಿದ್ದವರು ನಕ್ಕರು. ಅವನ ಕಿವಿ ಕೆಂಪಾಯಿತು. ನಾಳೆಯಿಂದ ಅಂಗಳದಲ್ಲಿ ಇಂಥದ್ದೇನೂ ಕೂಡದು, ಇಲ್ಲಿನವರೆಲ್ಲ ರೋಗಿಷ್ಠರು ಎಂದು ನೋಡಿದವರು ತಿಳಿಯುತ್ತಾರೆ ಎಂದ. ದೊಡ್ಡಕ್ಕ ಕಾಲು ಇಳಿಸದೆಯೇ ಉತ್ತರ ಕೊಟ್ಟಳು. ಹದಿನೈದು ನಿಮಿಷ ನನ್ನದು, ಅದರಲ್ಲಿ ಚಹಾ ಕುಡಿಯುತ್ತೇನೋ ಹುಲಿಯಾಗುತ್ತೇನೋ ಅದೂ ನನ್ನದು, ಗಂಟೆ ಹೊಡೆದ ಮೇಲೆ ಒಂದು ನಿಮಿಷ ತಡವಾದರೆ ಕೇಳಿ ಎಂದಳು. ಮಾರನೆಯ ದಿನವೂ ಬಂದಳು. ಅದರ ಮಾರನೆಯ ದಿನವೂ.

ಕೋಪಕ್ಕೋ ಕೆಲಸಕ್ಕೋ, ಆ ವಾರದ ಕೊನೆಗೆ ನೋಟೀಸ್ ಬೋರ್ಡಿನ ಮೇಲೆ ಒಂದು ಕಾಗದ ಬಂತು. ಒಬ್ಬರಿಗಾದರೂ ಐವತ್ತೈದು ದಾಟಿದ ಪ್ರತಿ ಜೋಡಿಯೂ ಹದಿನೈದು ನಿಮಿಷದಲ್ಲಿ ಮೂವತ್ತು ಒದ್ದೆ ಶೀಟನ್ನು ಸೊಟ್ಟಗಾಗದಂತೆ ಸರಳಿಗೆ ಹಾಕಿ ತೋರಿಸಬೇಕು. ಆಗದಿದ್ದರೆ ಜೋಡಿ ಜೋಡಿಯೇ ಚೀಟಿ ಕೋಣೆಗೆ. ಪರೀಕ್ಷೆಯ ದಿನಕ್ಕೆ ಇನ್ನೂ ಮೂರು ವಾರ ಇತ್ತು.

ಚೀಟಿ ಕೋಣೆ ಲಾಂಡ್ರಿಯ ತೀರ ಹಿಂದೆ, ಕಿಟಕಿಯಿಲ್ಲದ ಕೋಣೆ. ಶೀಟುಗಳ ಮೂಲೆಗೆ ನಂಬರಿನ ಚೀಟಿ ಹೊಲಿಯುವ ಕೆಲಸ. ಕುಳಿತು ಮಾಡುವುದು, ಸುಲಭದ್ದು. ಆದರೆ ಅಲ್ಲಿಗೆ ಹೋದವರಾರೂ ಹಾಲಿಗೆ ಮರಳಿರಲಿಲ್ಲ. ಆರು ತಿಂಗಳಿಗೋ ಎಂಟು ತಿಂಗಳಿಗೋ ಬೆನ್ನು ಬಾಗಿಸಿಕೊಂಡು ಅವರೇ ಕೆಲಸ ಬಿಟ್ಟು ಹೋಗುತ್ತಿದ್ದರು. ಹೋದದ್ದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಬಿಡುವ ದಿನ ನಾನು ಹೇಳುತ್ತೇನೆ, ಇನ್ನೊಬ್ಬರು ಹೇಳುವುದಲ್ಲ ಎಂದು ದೊಡ್ಡಕ್ಕ ಕಾಗದದ ಮುಂದೆ ನಿಂತು ಅಂದಳು. ತನ್ನ ಎಡಗೈ ಈಗ ನೆತ್ತಿ ದಾಟಿದೆ. ಮೂವತ್ತೇನು, ನಲವತ್ತು ಹಾಕಿ ತೋರಿಸುವ ಧೈರ್ಯ ಅವಳಿಗಿತ್ತು. ಪಕ್ಕದಲ್ಲಿ ನಿಂತ ಚಿಕ್ಕಕ್ಕ ಅವತ್ತು ಯಾಕೋ ಒಂದು ನಗೆಮಾತನ್ನೂ ಆಡಲಿಲ್ಲ.

ಒಂದು ವಾರ ಕಳೆದ ಮೇಲೆ ಬಾಯ್ಲರಣ್ಣನಿಗೂ ಹುರುಪು ಬಂದು, ನಾನೂ ಅಂಗಳಕ್ಕೆ ಬರುತ್ತೇನೆ, ಏನು ಮಾಡ್ತಾನೋ ಮಾಡಲಿ ಎಂದು ಹೊರಟ. ಎದುರು ನಿಲ್ಲಲು ಜಾಗ ಸಾಲದೆ ಪಕ್ಕದಲ್ಲಿ ನಿಂತ. ಹುಲಿ ಶುರುವಾಯಿತು. ಅವನು ಎಡಕ್ಕೆ ತಿರುಗಿದ, ಅವಳು ಬಲಕ್ಕೆ ತಿರುಗಿದಳು, ಇಬ್ಬರ ಮೊಣಕೈಗಳೂ ಟಣ್ಣೆಂದು ಬಡಿದವು. ಎರಡನೆಯ ಸಲವೂ ಅದೇ ಆಯಿತು. ಬಾಯ್ಲರಣ್ಣ ಮೊಣಕೈ ಉಜ್ಜಿಕೊಳ್ಳುತ್ತ ಅವಳನ್ನೇ ನೋಡಿದ.

"ಒಂದು ವರ್ಷದಿಂದ ನೀನು ಎಲ್ಲ ತಿರುಗಾಮುರುಗಾ ಮಾಡ್ತಿದ್ದೀಯ ತಂಗಿ. ನಾನು ಎಡದಿಂದ ಶುರು ಮಾಡ್ತೀನಿ, ನೀನು ಬಲದಿಂದ."

"ಹುಲಿಗೆ ಎಡ ಬಲ ಗೊತ್ತಾ ಅಣ್ಣಾ?"

"ಹುಲಿಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಶೀಟು ಹಿಡಿದೂ ಹಿಡಿದೂ ಹೀಗಾಗಿದೆ ನೋಡು. ಎದುರಿನ ಕೈ ಎದ್ರೆ ಆ ಕಡೆಯ ನಿನ್ನ ಕೈ ತಾನಾಗಿ ಏಳುತ್ತೆ."

ಪ್ರಾಣಿಗಳು ಎರಡೂ ಕಡೆಗೆ ಸಮನಾಗಿ ಇರುವುದರಿಂದ ನಷ್ಟವೇನಿಲ್ಲ ಎಂದು ಅವನೇ ಸಮಾಧಾನ ಹೇಳಿ ನಕ್ಕ. ದೊಡ್ಡಕ್ಕನೂ ನಕ್ಕಳು. ಗಂಟೆ ಹೊಡೆಯಿತು. ಸರಳಿನ ಹತ್ತಿರ ಬಂದು ಶೀಟಿನ ಮೂಲೆ ಹಿಡಿದಾಗಲೂ ಆ ಮಾತು ತಲೆಯಲ್ಲೇ ಇತ್ತು. ಎದುರಿನ ಕೈ ಎದ್ದರೆ ನನ್ನ ಕೈ ಏಳುತ್ತದೆ. ಸರಿ. ಆದರೆ ವರ್ಷವಿಡೀ ನನ್ನ ಎಡಗೈ ಏಳಲೇ ಇಲ್ಲವಲ್ಲ. ಆಗ ಎದುರಿನ ಕೈ ಏನು ಮಾಡುತ್ತಿತ್ತು?

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳು ಶೀಟನ್ನು ಬಿಟ್ಟು ಚಿಕ್ಕಕ್ಕನ ಕೈಯನ್ನು ನೋಡಿದಳು. ಚಿಕ್ಕಕ್ಕನ ಬಲ ಮೊಣಕೈ ಪಕ್ಕೆಗೆ ಅಂಟಿಕೊಂಡಿತ್ತು. ಎಸೆಯುವ ಹೊತ್ತಿಗೆ ಕೈ ಏಳುತ್ತಿರಲಿಲ್ಲ, ಇಡೀ ಮೈ ಏಳುತ್ತಿತ್ತು. ಹಿಮ್ಮಡಿ ಎತ್ತಿ, ಸೊಂಟ ವಾಲಿಸಿ, ಕೆಳತುಟಿ ಕಚ್ಚಿ ಅಂಚನ್ನು ಸರಳಿಗೆ ಮುಟ್ಟಿಸುತ್ತಿದ್ದಳು. ಎತ್ತರದ ಹೆಣ್ಣಾದ್ದರಿಂದ ಹೇಗೋ ತಲುಪುತ್ತಿತ್ತು. ಒಂದೊಂದು ಶೀಟಿಗೂ ಮುಖ ಬೆಳ್ಳಗಾಗುತ್ತಿತ್ತು.

ಸಂಜೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಎಲ್ಲರೂ ಹೋಗುವ ತನಕ ದೊಡ್ಡಕ್ಕ ಕಾದಳು. ಚಿಕ್ಕಕ್ಕ ಎಡಗೈಯೊಂದರಲ್ಲೇ ಏಪ್ರನ್ನಿನ ಗಂಟು ಬಿಚ್ಚಲು ಒದ್ದಾಡುತ್ತಿದ್ದಳು.

"ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಬಲಗೈ."

ಚಿಕ್ಕಕ್ಕ ಗಂಟಿನಿಂದ ಕೈ ತೆಗೆದಳು. "ಎಂಟು ತಿಂಗಳಾಯ್ತು."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ನೋವು ಶುರುವಾಗೋ ಮೊದಲೇ ಹೇಳಿದ್ದೆ. ಕಡೆ ಬದಲಾಯಿಸೋಣ ಅಂದೆ. ನೀನು ಹಗ್ಗದ ಕಥೆ ತೆಗೆದು ಎಲ್ಲರೆದುರು ಮರ್ಯಾದೆ ಕಳೆದೆ."

ದೊಡ್ಡಕ್ಕನಿಗೆ ಆಗ ಅರ್ಥವಾಯಿತು. ತಾನು ಗೋಡೆ ಕಡೆ ನಿಂತಿದ್ದರೆ ಸರಳು ತನ್ನ ಬಲಕ್ಕೆ ಬರುತ್ತಿತ್ತು. ಗಟ್ಟಿ ಇದ್ದ ಬಲಗೈ ಎತ್ತುತ್ತಿತ್ತು, ನೊಂದ ಎಡಗೈ ಸುಮ್ಮನಿರುತ್ತಿತ್ತು. ಚಿಕ್ಕಕ್ಕನಿಗೆ ಬೇಕಾಗಿದ್ದದ್ದು ಕಿಟಕಿಯಲ್ಲ. ಅಷ್ಟು ಸುಲಭದ ವಿಷಯ ಮೂವತ್ತೊಂದು ವರ್ಷ ಶೀಟು ಹಿಡಿದವಳ ತಲೆಗೆ ಹೊಳೆಯಲಿಲ್ಲ, ಯಾಕೆಂದರೆ ತಲೆಯ ತುಂಬ ಕಿಟಕಿ ಇತ್ತು.

"ಹಾಗಾದ್ರೆ ನನ್ನ ಎಡಗೈ ಎಸೀತಿದ್ದ ಶೀಟು..."

"ಎಲ್ಲಿತ್ತು ಅಕ್ಕ ನಿನ್ನ ಎಡಗೈ? ನಿನ್ನ ತುದಿ ಸರಳು ಹತ್ತೋ ಹಾಗೆ ನಾನೇ ಈ ಕಡೆಯಿಂದ ಎಳೀತಿದ್ದೆ. ಎಳೆದು ಎಳೆದು ಇದೂ ಹೋಯ್ತು."

"ಮತ್ತೆ ಬಾಗಿಲಲ್ಲಿ ನಿಂತು ಹಾಗೆ ಹಲ್ಲು ಕಿರೀತಿದ್ದೆಯಲ್ಲೇ."

"ಹೊಟ್ಟೆ ಉರೀತಿತ್ತು. ನಿನ್ನ ಕೈ ದಿನಾ ಒಂದೊಂದು ಬೆರಳು ಮೇಲೆ ಹೋಗ್ತಿತ್ತು, ನನ್ನದು ಕೆಳಗೆ ಬರ್ತಿತ್ತು. ನಗದೆ ಇನ್ನೇನು ಮಾಡ್ಲಿ, ಎಲ್ಲರ ಮುಂದೆ ಅಳ್ಲಾ?"

ದೊಡ್ಡಕ್ಕನಿಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ. ಹತ್ತಿರ ಹೋಗಿ ಚಿಕ್ಕಕ್ಕನ ಬೆನ್ನ ಹಿಂದಿನ ಗಂಟು ಬಿಚ್ಚಿದಳು. ಅವಳಿಗೆ ತನ್ನ ಮೇಲೆ ಹೇಸಿಗೆಯಾಗಿತ್ತು. ಕೈಚಳಕವಂತೆ ಕೈಚಳಕ. ವರ್ಷವಿಡೀ ಬೇರೆಯವಳ ಭುಜದ ಮೇಲೆ ನಿಂತು ತಾನು ಹುಲಿಯೆಂದು ಮೆರೆದಿದ್ದಳು.

ಪರೀಕ್ಷೆಗೆ ಉಳಿದದ್ದು ಹದಿಮೂರು ದಿನ. ಬಿಗಿದ ಭುಜ ಹದಿಮೂರು ದಿನಕ್ಕೆ ಬಿಚ್ಚುವುದಿಲ್ಲ ಎಂಬುದು ದೊಡ್ಡಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕಡೆ ಬದಲಾಯಿಸುವುದೊಂದೇ ದಾರಿ. ಕಿಟಕಿ ಕಡೆ ಚಿಕ್ಕಕ್ಕ ನಿಂತರೆ ಅವಳ ಒಳ್ಳೆಯ ಎಡಗೈಗೆ ಸರಳು ಸಿಗುತ್ತದೆ. ಆದರೆ ಹಾಲಿನಲ್ಲಿ ಬದಲಾಯಿಸಿದರೆ ಗಡಿಯಾರ ಸಾಹೇಬನ ಕಣ್ಣಿಗೆ ಬೀಳುತ್ತದೆ, ಯಾರ ಕೈಗೋ ಏನೋ ಆಗಿದೆ ಎಂದು ಅವತ್ತೇ ಚೀಟಿ ಕೋಣೆ ತೋರಿಸುತ್ತಾನೆ. ಹಾಗಾಗಿ ಹಿತ್ತಲಿನ ಹಗ್ಗವನ್ನು ಸರಳಿನ ಎತ್ತರಕ್ಕೆ ಎಳೆದು ಕಟ್ಟಿದರು. ಸಂಜೆ ಹೊತ್ತು ನಾಲ್ಕು ಒದ್ದೆ ಶೀಟು ಇಟ್ಟುಕೊಂಡು ಎಸೆದೂ ಎಸೆದೂ ನೋಡಿದರು. ಹನ್ನೊಂದು ವರ್ಷದಿಂದ ಮನೆಯಲ್ಲಿ ಮಾತಿಲ್ಲದ ಇಬ್ಬರು ಹಿತ್ತಲಲ್ಲಿ ಒಂದೇ ಶೀಟು ಹಿಡಿದು ಕೂಗಾಡುವುದನ್ನು ಕಂಡು ಗಂಡಂದಿರು ಬೀಗದ ಅಂಗಡಿಗೆ ಮರಳಿ ಹೋದರು.

ಮೊದಲ ಮೂರು ದಿನ ಬರೀ ಕೆಸರು. ಹಳೆಯ ಕೈ ಹಳೆಯ ಕಡೆಗೇ ಏಳುತ್ತಿತ್ತು. ಒಬ್ಬಳು ಮೇಲೆತ್ತಿದರೆ ಇನ್ನೊಬ್ಬಳು ಕೆಳಗಿಳಿಸುವಳು, ಶೀಟು ನಡುವೆ ಬಿದ್ದು ಮಣ್ಣು ತಿನ್ನುವುದು. ನಾಲ್ಕನೆಯ ದಿನ ದೊಡ್ಡಕ್ಕ ಶೀಟನ್ನು ಪಕ್ಕಕ್ಕಿಟ್ಟಳು. ಮೊದಲು ಬರಿಗೈಯಲ್ಲಿ ಮಾಡೋಣ, ಉಸಿರಿನ ಜೊತೆ ಮಾಡೋಣ, ಒಳಗೆ ಎಳೆದಾಗ ಎತ್ತು, ಬಿಟ್ಟಾಗ ಎಸೆ ಎಂದಳು. ನನ್ನನ್ನೂ ಮಂಗ ಮಾಡ್ತೀಯಾ ಎಂದು ಚಿಕ್ಕಕ್ಕ ಮೂಗು ಮುರಿದಳು, ಆದರೂ ಮಾಡಿದಳು. ಇಬ್ಬರ ಉಸಿರು ಕೂಡಿದ ಮೇಲೆ ಕೈಗಳೂ ಕೂಡಿದವು.

ಪರೀಕ್ಷೆಯ ದಿನ ಹಾಲಿನವರೆಲ್ಲ ಗೋಡೆಗೆ ಒರಗಿ ನಿಂತರು. ಮುಂಚಿನ ಮೂರು ಜೋಡಿಗಳಲ್ಲಿ ಒಂದು ಜೋಡಿ ಸೋತುಹೋಗಿ, ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿತ್ತು. ಇವರ ಸರದಿ ಬಂತು. ದೊಡ್ಡಕ್ಕ ನೇರವಾಗಿ ಗೋಡೆ ಕಡೆಗೆ ನಡೆದಳು. ಹಾಲಿನಲ್ಲಿ ಗುಸುಗುಸು ಎದ್ದಿತು. ಹಿರಿಯಳು ಕಿಟಕಿ ಬಿಟ್ಟುಕೊಟ್ಟದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ನಿಮ್ಮದು ಕಿಟಕಿ ಕಡೆ ಅಲ್ವೇನಮ್ಮಾ?" ಎಂದ ಗಡಿಯಾರ ಸಾಹೇಬ.

"ಕಾಗದದಲ್ಲಿ ಕಡೆ ಬರೆದಿಲ್ಲ ಸಾರ್. ಶೀಟು ಮೂವತ್ತು, ನಿಮಿಷ ಹದಿನೈದು. ಒತ್ತಿ ನಿಮ್ಮ ವಾಚು."

ಅವನು ಒತ್ತಿದ. ಗೋಡೆಯ ಶಾಖ ಬೆನ್ನಿಗೆ ಬಡಿಯಿತು, ಇಪ್ಪತ್ತೆರಡು ವರ್ಷದಿಂದ ಚಿಕ್ಕಕ್ಕ ಉಂಡ ಶಾಖ. ಉಸಿರು ಒಳಗೆ, ಕೈ ಮೇಲೆ. ಉಸಿರು ಹೊರಗೆ, ಅಂಚು ಸರಳಿಗೆ. ಇಪ್ಪತ್ತೊಂದರ ತನಕ ಗಡಿಬಿಡಿಯಿಲ್ಲದೆ ನಡೆಯಿತು. ಇಪ್ಪತ್ತೆರಡನೆಯದರಲ್ಲಿ ಚಿಕ್ಕಕ್ಕನ ಬಲಗೈಯಲ್ಲಿದ್ದ ಕೆಳಗಿನ ಮೂಲೆ ಜಾರಿತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಅವಳ ಬಾಯಿಂದ ಸಣ್ಣ ನರಳಿಕೆ ಬಂತು. ದೊಡ್ಡಕ್ಕ ಅವಸರಿಸಲಿಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು, ಎದುರಿಗೆ ಕಾಣುವ ಹಾಗೆ ಎದೆಯುಬ್ಬಿಸಿ ಒಂದು ಉಸಿರು ಎಳೆದಳು. ಚಿಕ್ಕಕ್ಕ ಅದನ್ನು ಹಿಡಿದುಕೊಂಡಳು. ಮೂವತ್ತನೆಯ ಶೀಟು ಸರಳಿನ ಮೇಲೆ ಕೂತಾಗ ವಾಚಿನಲ್ಲಿ ಇನ್ನೂ ನಲವತ್ತು ಸೆಕೆಂಡು ಇತ್ತು. ಗಡಿಯಾರ ಸಾಹೇಬ ಅಂಚುಗಳ ಉದ್ದಕ್ಕೂ ನಡೆದು ನೋಡಿದ, ಸೊಟ್ಟ ಸಿಗಲಿಲ್ಲ. ಬೋರ್ಡಿನ ಮೇಲೆ ಇಬ್ಬರ ಜೋಡಿಯ ಮುಂದೆ ತೇರ್ಗಡೆ ಎಂದು ತಾನೇ ಬರೆದ.

ಬರೆದವನು ಅಷ್ಟಕ್ಕೇ ಬಿಡಲಿಲ್ಲ. ಜೇಬಿನಿಂದ ಇನ್ನೊಂದು ಕಾಗದ ತೆಗೆದ. ಅಂಗಳದಲ್ಲಿ ಪ್ರಾಣಿಗಳ ಆಟ ಇತ್ಯಾದಿ ಏನನ್ನೂ ಇನ್ನು ಮುಂದೆ ಮಾಡುವುದಿಲ್ಲ ಎಂದು ಜೋಡಿಯ ಇಬ್ಬರೂ ಸಹಿ ಹಾಕಬೇಕಂತೆ. ದೊಡ್ಡಕ್ಕ ಕಾಗದದ ಕಡೆ ನೋಡಲೂ ಇಲ್ಲ, ಅಂಗಳ ನನ್ನದಲ್ಲದಿರಬಹುದು, ಮೈ ನನ್ನದು ಎಂದು ಕೈ ಕಟ್ಟಿಕೊಂಡಳು. ಅವನು ಚಿಕ್ಕಕ್ಕನ ಕಡೆ ತಿರುಗಿದ. ಇವಳಾದರೂ ಬುದ್ಧಿವಂತೆ, ಬಾಗಿಲಲ್ಲಿ ನಿಂತು ನಕ್ಕವಳು ಎಂಬ ನಂಬಿಕೆ ಅವನ ಮುಖದಲ್ಲಿತ್ತು. ಪೆನ್ನನ್ನೂ ಮುಂದೆ ಹಿಡಿದ.

ಚಿಕ್ಕಕ್ಕ ಪೆನ್ನನ್ನು ನೋಡಿದಳು. ಆಮೇಲೆ ಎಲ್ಲರಿಗೂ ಕಾಣುವಂತೆ ಬಲಗೈ ಎತ್ತಲು ಹೋದಳು. ಅದು ಎದೆಯ ಹತ್ತಿರ ಬಂದು ನಿಂತು ನಡುಗಿತು. ಎಂಟು ತಿಂಗಳು ಮುಚ್ಚಿಟ್ಟದ್ದನ್ನು ಅವಳು ಹಾಗೆಯೇ ಹಿಡಿದು ತೋರಿಸಿದಳು.

"ಸಹಿ ಮಾಡೋ ಕೈ ಇದು ಸಾರ್. ನೋಡಿ, ಏಳಲ್ಲ. ಇಲ್ಲೇ ಕೆಲಸ ಮಾಡಿ ಮಾಡಿ ಹೀಗಾಗಿದೆ. ನಾಳೆಯಿಂದ ಅಕ್ಕನ ಜೊತೆ ಅಂಗಳಕ್ಕೆ ಹೋಗ್ತೀನಿ. ಅವಳದ್ದು ಏಳೋಕೆ ಒಂದು ವರ್ಷ ಹಿಡೀತು. ಕಾಗದ ಜೋಪಾನವಾಗಿ ಇಟ್ಕೊಂಡಿರಿ, ನನ್ನದು ಎದ್ದ ಮೇಲೆ ಆ ವಿಷಯ ಮಾತಾಡೋಣ."

ಗಡಿಯಾರ ಸಾಹೇಬ ಬೋರ್ಡಿನ ಕಡೆ ನೋಡಿದ. ತೇರ್ಗಡೆ ಎಂದು ಅವನದೇ ಅಕ್ಷರದಲ್ಲಿ ಬರೆದಿತ್ತು. ಇಬ್ಬರೂ ಮುಂದಿನ ಶೀಟಿನ ಮೂಲೆಗಳನ್ನು ಆಗಲೇ ಹಿಡಿದಿದ್ದರು.